ನೀವು ಉಳಿಸಿದ ಕರೆಂಟು ಕೂಸುಗಳ ಮೈಯಿಂದ ಬಂದದ್ದು

ಮಾನ್ಯ ಇಂಧನ ಉಳಿತಾಯ ಅಧಿಕಾರಿಗಳೇ,

ನಮ್ಮ ತಾಲ್ಲೂಕು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳು ನಾಲ್ಕಿವೆ. ನಾಲ್ಕೂ ಕೆಲಸ ಮಾಡುತ್ತವೆ. ಅವುಗಳಲ್ಲಿ ಎರಡರ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರನ್ನು ಅಡ್ಡಡ್ಡ ಅಂಟಿಸಿ, ನೀಲಿ ಪೆನ್ನಿನಲ್ಲಿ ‘ಹಾಕಬಾರದು – ಉಳಿತಾಯ’ ಎಂದು ಬರೆಯಲಾಗಿದೆ. ಆ ಪ್ಲಾಸ್ಟರ್ ಬಿದ್ದ ದಿನ ನನ್ನ ಮಗಳು ಒಂದು ಕೆಜಿ ಎಂಟುನೂರ ಮೂವತ್ತು ಗ್ರಾಂ ತೂಗುತ್ತಿದ್ದಳು. ಐದು ದಿನ ಕಳೆದ ಮೇಲೆ ಒಂದು ಕೆಜಿ ಏಳುನೂರ ಎಂಬತ್ತು. ಆಸ್ಪತ್ರೆ ಕರೆಂಟು ಉಳಿಸಿತು, ನನ್ನ ಮಗಳು ಐವತ್ತು ಗ್ರಾಂ ಕಳೆದುಕೊಂಡಳು. ಇವೆರಡೂ ಬೇರೆ ಬೇರೆ ಸುದ್ದಿಯಲ್ಲ, ಒಂದೇ ಸುದ್ದಿ ಎಂದು ನಿಮಗೆ ತಿಳಿಸಲು ಈ ಪತ್ರ.

ನೀವು ನನ್ನನ್ನು ನೋಡಿಲ್ಲ. ನಾನು ಮಾತ್ರ ನಿಮ್ಮನ್ನು ಚೆನ್ನಾಗಿ ಓದಿಕೊಂಡಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಿಗೆ ನೀವು ಹೊರಡಿಸಿದ ಸುತ್ತೋಲೆಯನ್ನು ಬಾಣಂತಿಯರ ವಾರ್ಡಿನ ಗೋಡೆಯ ಮೇಲೆ, ಎದೆಹಾಲಿನ ಮಹತ್ವ ಸಾರುವ ಚಿತ್ರಪಟದ ಪಕ್ಕದಲ್ಲೇ ಅಂಟಿಸಿದ್ದಾರೆ. ಇಪ್ಪತ್ತಮೂರು ದಿನಗಳಿಂದ ನನಗೆ ಓದಲು ಸಿಕ್ಕಿರುವುದು ಅದೊಂದೇ. ಒಂದು ಸಲಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಮಾಡದ ಹೆಂಗಸಿಗೆ ಓದಲು ಸಮಯ ಬಹಳ ಇರುತ್ತದೆ. ಸಹಿಯ ಕೆಳಗಿನ ದುಂಡು ಮೊಹರಿನ ತನಕ ನನಗೆ ಬಾಯಿಪಾಠ ಬಂದಿದೆ.

ಸುತ್ತೋಲೆಯ ಭಾಷೆ ಚೆನ್ನಾಗಿದೆ. ‘ಕಳೆದ ಸಾಲಿನ ಇದೇ ತಿಂಗಳ ಬಳಕೆಗೆ ಹೋಲಿಸಿದಂತೆ ಶೇಕಡ ಇಪ್ಪತ್ತರಷ್ಟು ಕಡಿತ ಸಾಧಿಸತಕ್ಕದ್ದು.’ ಇದು ಮೊದಲ ಪ್ಯಾರಾದಲ್ಲಿ, ದಪ್ಪ ಅಕ್ಷರದಲ್ಲಿ. ‘ರೋಗಿಗಳ ಸೇವೆಗೆ ಧಕ್ಕೆಯಾಗದಂತೆ ಎಚ್ಚರ ವಹಿಸುವುದು.’ ಇದು ನಾಲ್ಕನೆಯದರಲ್ಲಿ, ಮಾಮೂಲಿ ಅಕ್ಷರದಲ್ಲಿ. ಗುರಿ ಮುಟ್ಟಿದ ಆಸ್ಪತ್ರೆಗೆ ಫಲಕ, ಮುಟ್ಟದ ಆಸ್ಪತ್ರೆಯ ಮುಖ್ಯಸ್ಥರಿಂದ ಲಿಖಿತ ಸಮಜಾಯಿಷಿ. ಸ್ವಾಮಿ, ಒಂದು ಮಾತು ಕೇಳುತ್ತೇನೆ. ಫಲಕ ಯಾವುದಕ್ಕೆ, ಸಮಜಾಯಿಷಿ ಯಾವುದಕ್ಕೆ ಎಂದು ಗೊತ್ತಾದ ಮೇಲೆ ನಾಲ್ಕನೇ ಪ್ಯಾರಾವನ್ನು ಯಾರು ಓದುತ್ತಾರೆ? ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿ ಅಂತ ಇಡೀ ಸುತ್ತೋಲೆಯಲ್ಲಿ ಒಂದು ಕಡೆಯೂ ಇಲ್ಲ. ಕಡಿಮೆ ಮಾಡಿ ಎಂದಿದೆ, ಅಷ್ಟೆ. ಕಡಿಮೆ ಮಾಡಲು ಎಲ್ಲಕ್ಕಿಂತ ಸುಲಭವಾದ ಜಾಗ ಯಾವುದು? ಯಾರು ಎದ್ದು ಬಂದು ಜಗಳ ಆಡುವುದಿಲ್ಲವೋ ಅವರ ಜಾಗ.

ಹಾಗಾಗಿ ಮೊದಲು ಬಾಣಂತಿಯರ ವಾರ್ಡಿನ ಗೀಸರಿಗೆ ಪ್ಲಾಸ್ಟರ್ ಬಿತ್ತು. ಹೊಲಿಗೆ ಹಾಕಿಸಿಕೊಂಡ ಹೆಂಗಸರು ಈ ಚಳಿಗಾಲದ ಬೆಳಿಗ್ಗೆ ತಣ್ಣೀರಿನಲ್ಲಿ ಮೈ ತೊಳೆಯುವಂತಾಯಿತು. ಆಮೇಲೆ ಕಾರಿಡಾರಿನ ದೀಪಗಳಿಗೆ. ಅದೇ ಹೊತ್ತಿನಲ್ಲಿ ಆಸ್ಪತ್ರೆಯ ಮುಂದಿನ ಎತ್ತರದ ಕಂಬದ ದೀಪಗಳು ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲೂ ಉರಿಯುತ್ತಿರುತ್ತವೆ; ಅದರ ಪೆಟ್ಟಿಗೆಯ ಬೀಗದ ಕೈ ಗುತ್ತಿಗೆದಾರರ ಬಳಿ ಇದೆಯಂತೆ. ಸಭಾಂಗಣದ ಎ.ಸಿ.ಗೂ ಪ್ಲಾಸ್ಟರ್ ಇಲ್ಲ. ಇರಬಾರದು, ಸರಿಯೇ. ಉಳಿತಾಯದ ಪ್ರಗತಿ ಪರಿಶೀಲನಾ ಸಭೆ ನಡೆಯುವುದು ಅಲ್ಲಿಯೇ ಅಲ್ಲವೇ?

ಕರೆಂಟು ಉಳಿಸಬೇಡಿ ಎನ್ನುವವಳು ನಾನಲ್ಲ. ನಾನು ಬಿ.ಎಸ್ಸಿ. ಓದಿದವಳು, ಭೌತಶಾಸ್ತ್ರ ನನ್ನ ವಿಷಯ. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಪಾಸಾದವಳು. ಆದರೆ ನಿಮಗೆ ಹೇಳಬೇಕಾದ ಮಾತನ್ನು ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆ ನನಗಿಂತ ಚೆನ್ನಾಗಿ ಹೇಳಿದರು. ಕಂಪಲಾಪುರದ ಕಡೆಯ ನಮ್ಮ ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಕಿತ್ತ ಸೊಪ್ಪನ್ನು ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಕಟ್ಟಿ, ಕೆಳಗೆ ಸೌದೆ ಉರಿಸಿ, ದಿನಗಟ್ಟಲೆ ಹದವಾದ ಶಾಖ ಕೊಟ್ಟು ಬೇಯಿಸುವುದು ಇಲ್ಲಿನ ಪದ್ಧತಿ. ಅತ್ತೆ ಕೆಂಪಾಜಮ್ಮ ಊಟ ತಂದವರು, ಶಿಶು ಘಟಕದ ಬಾಗಿಲಿನ ಗಾಜಿನಿಂದ ಪ್ಲಾಸ್ಟರ್ ಹಚ್ಚಿದ ವಾರ್ಮರ್‌ಗಳನ್ನು ನೋಡಿ ಸಿಸ್ಟರನ್ನು ಕೇಳಿದರು:

“ಇದ್ಯಾಕವ್ವ ಆರ್ಸಿದ್ದೀರಿ?”

“ಕರೆಂಟು ಉಳಿಸೋಕೆ ಅಮ್ಮ. ಮೇಲಿಂದ ಆರ್ಡರ್.”

“ಅಲ್ಲ ಕಣವ್ವ, ನಾವೂ ಸೌದೆ ಉಳಿಸ್ತೀವಿ. ಸೌದೆ ಉಳಿಸ್ಬೇಕು ಅಂದ್ರೆ ಬ್ಯಾರನ್ ಗ್ವಾಡೆ ಬಿರುಕಿಗೆ ಮಣ್ಣು ಮೆತ್ತುತೀವಿ, ಬಾಗ್ಲು ಸಂದಿಗೆ ಗೋಣಿ ತುರುಕ್ತೀವಿ. ಬೆಂಕಿ ಆರ್ಸಿ ಸೌದೆ ಉಳೀತು ಅಂತ ಯಾವನಾದ್ರೂ ಯೋಳುದ್ರೆ ಊರೋರು ನಗಾಕಿಲ್ವಾ? ಒಂದು ಡಿಗ್ರಿ ಎಚ್ಚುಕಮ್ಮಿ ಆದ್ರೆ ಸೊಪ್ಪು ಬಣ್ಣ ಕೆಟ್ಟೋಯ್ತದೆ ಅಂತ ನಿದ್ದೆಗೆಟ್ಟು ಕಾಯ್ತೀವಿ. ಹೊಗೆಸೊಪ್ಪಿಗಿರೋ ಮರ್ಯಾದೆ ಕೂಸಿಗೆ ಬ್ಯಾಡ್ವಾ?”

ಸಿಸ್ಟರ್ ನಕ್ಕರು. ಆಮೇಲೆ ಮುಖ ತಿರುಗಿಸಿಕೊಂಡರು. ಶಿಶು ಘಟಕದ ಪಕ್ಕದ ಕೋಣೆಯ ಕಿಟಕಿಗೆ ಒಂದು ಗಾಜಿಲ್ಲ, ರಟ್ಟು ಸಿಕ್ಕಿಸಿದ್ದಾರೆ. ಆ ಬಿರುಕಿಗೆ ಮಣ್ಣು ಮೆತ್ತುವ ಮಾತು ನಿಮ್ಮ ಸುತ್ತೋಲೆಯಲ್ಲಿ ಇಲ್ಲ ಎಂದು ಅವರಿಗೂ ಗೊತ್ತು.

ಈಗ ವಾರ್ಮರ್‌ಗಳ ಸರದಿ ಹೇಗೆ ಬಂತು ಎಂಬ ಕಥೆ. ನನ್ನ ಮಗಳು ಹುಟ್ಟಿ ಹದಿಮೂರನೇ ದಿನ ಮಧ್ಯಾಹ್ನ ಊರಿನ ಲೈನಿನಲ್ಲಿ ಕರೆಂಟು ಹೋಯಿತು. ಜನರೇಟರ್ ಶುರುವಾಯಿತು. ಶುರುವಾದ ಅರೆ ನಿಮಿಷಕ್ಕೆ ಹೂಂಕರಿಸಿ, ಕೆಮ್ಮಿ, ನಿಂತೇ ಹೋಯಿತು. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ನಲವತ್ತು ನಿಮಿಷ ನಾಲ್ಕೂ ವಾರ್ಮರ್ ಆರಿದ್ದವು. ಸಿಸ್ಟರ್ ಒಬ್ಬರೇ ಕೂಸುಗಳಿಗೆ ಹತ್ತಿ ಸುತ್ತಿದರು, ಟೋಪಿ ಹಾಕಿದರು, ತಮ್ಮ ಸ್ವೆಟರನ್ನೂ ಬಿಚ್ಚಿ ಒಂದಕ್ಕೆ ಹೊದಿಸಿದರು. ನನ್ನ ಮಗಳ ಅಂಗಾಲು ಮುಟ್ಟಿದರೆ ಬೆಳಗಿನ ಕಲ್ಲು ಮುಟ್ಟಿದ ಹಾಗಿತ್ತು. ಕರೆಂಟು ವಾಪಸ್ ಬಂದ ಮೇಲೆ ಕಚೇರಿಯಲ್ಲಿ ಕುಳಿತು ತೀರ್ಮಾನ ಮಾಡಿದರು: ವಾರ್ಮರ್‌ಗಳ ಭಾರ ಜನರೇಟರಿಗೆ ಜಾಸ್ತಿಯಾಗುತ್ತಿದೆ. ಸಂಜೆಯೊಳಗೆ ಎರಡಕ್ಕೆ ಪ್ಲಾಸ್ಟರ್. ಜನರೇಟರಿನ ಸಮಸ್ಯೆಯೂ ಬಗೆಹರಿಯಿತು, ನಿಮ್ಮ ಶೇಕಡ ಇಪ್ಪತ್ತೂ ಹತ್ತಿರವಾಯಿತು. ಒಂದು ಪ್ಲಾಸ್ಟರಿಗೆ ಎರಡು ಗಾಯ ವಾಸಿ. ನೀವು ಈ ಕ್ರಮವನ್ನು ಮೆಚ್ಚಿ ಪತ್ರ ಬರೆದಿರಂತೆ. ಅದನ್ನು ಮಾತ್ರ ಗೋಡೆಗೆ ಅಂಟಿಸಿಲ್ಲ, ಕಚೇರಿಯವರು ಹೇಳಿಕೊಂಡು ಓಡಾಡಿದ್ದು ಕೇಳಿಸಿತು.

ಉಳಿದ ಎರಡರಲ್ಲಿ ಒಂದರಲ್ಲಿ ಉಸಿರಾಟದ ತೊಂದರೆಯ ಕೂಸೊಂದು ಮಲಗಿದೆ. ಅದನ್ನು ಕದಲಿಸುವಂತಿಲ್ಲ. ಇನ್ನೊಂದಕ್ಕೆ ಇಬ್ಬರು: ನನ್ನ ಮಗಳು ಮತ್ತು ಮಂಗಳಾಳ ಮಗ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಮಂಗಳಾ ವೀರನಹೊಸಹಳ್ಳಿ ಆಚೆಯ, ಕಾಡಂಚಿನ ಹಾಡಿಯವಳು. ಹತ್ತೊಂಬತ್ತೋ ಇಪ್ಪತ್ತೋ ವರ್ಷ ಇರಬೇಕು. ಅವಳ ಜೊತೆಗೆ ಅವಳ ಅತ್ತೆ ಬೊಮ್ಮಮ್ಮ. ಮೂರು ಗಂಟೆ ನನ್ನ ಮಗಳು ವಾರ್ಮರಿನಲ್ಲಿ, ಮೂರು ಗಂಟೆ ಅವಳ ಮಗ. ಹೊರಗಿರುವ ಮೂರು ಗಂಟೆ ಕೂಸು ತಾಯಿಯ ಬರಿ ಎದೆಯ ಮೇಲೆ, ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡು.

“ನೀವೇ ಬೆಸ್ಟ್ ವಾರ್ಮರ್ ಕಣಮ್ಮ, ನಿಮಗೆ ಕರೆಂಟೂ ಬೇಡ” ಎಂದು ಸಿಸ್ಟರ್ ಹೇಳುತ್ತಾರೆ. ಎದೆಗೆ ಕಟ್ಟಿಕೊಳ್ಳುವುದು ಒಳ್ಳೆಯದೇ, ನಾನು ಅದರ ಬಗ್ಗೆ ಓದಿದ್ದೇನೆ, ನಂಬುತ್ತೇನೆ. ಆದರೆ ರಟ್ಟು ಸಿಕ್ಕಿಸಿದ ಕಿಟಕಿಯ ಕೆಳಗೆ, ತಣ್ಣೀರಿನಲ್ಲಿ ಮೈ ತೊಳೆದು ಬಂದು ನಾನೇ ನಡುಗುತ್ತಿರುವಾಗ, ನನ್ನಿಂದ ಅವಳಿಗೆ ಎಷ್ಟು ಶಾಖ ಹೋಗುತ್ತದೆ? ಮೂರು ಗಂಟೆ ಅಲುಗಾಡುವಂತಿಲ್ಲ. ಬಾಯಾರಿದರೆ ಏಳುವಂತಿಲ್ಲ. ಕಣ್ಣು ಮುಚ್ಚಿದರೆ ಅವಳ ಮೂಗು ನನ್ನ ಎದೆಗೆ ಒತ್ತಿಕೊಂಡೀತು ಎಂದು ಗಾಬರಿಯಾಗಿ ತೆರೆಯುತ್ತೇನೆ. ಕಟ್ಟು ಬಿಚ್ಚಿದಾಗ ಅವಳು ನನ್ನಿಂದ ದೂರವಾಗುತ್ತಾಳೆ, ಕಟ್ಟಿದಾಗ ನಾನು ಕುರ್ಚಿಗೆ ಅಂಟಿಕೊಳ್ಳುತ್ತೇನೆ. ಹೊರಗೆ ಹೋಗಿ ಬರೋಣವೆಂದರೆ ಗೇಟಿನಲ್ಲಿ ಪಾಸು ಕೇಳುತ್ತಾರೆ, ಬಾಣಂತಿಗೆ ಪಾಸಿಲ್ಲ.

ಅಧಿಕಾರಿಗಳೇ, ಕೂಸಿಗೂ ಒಂದು ಇಂಧನ ನಿರ್ವಹಣೆ ಇದೆ. ಕುಡಿದ ಹಾಲಿನಿಂದ ಅದು ಮೈ ಬೆಳೆಸಿಕೊಳ್ಳಬೇಕು. ಹೊರಗೆ ಚಳಿಯಿದ್ದರೆ ಅದೇ ಹಾಲನ್ನು ಬೆಚ್ಚಗಿರಲು ಸುಡುತ್ತದೆ. ಅದೂ ಸಾಲದಿದ್ದರೆ ಮೈಯಲ್ಲಿರುವ ಚೂರು ಕೊಬ್ಬನ್ನು ಸುಡುತ್ತದೆ. ಅಳುವುದಕ್ಕೂ ಶಕ್ತಿ ಬೇಕೆಂದು ಅಳುವುದನ್ನು ನಿಲ್ಲಿಸುತ್ತದೆ. ನಿಮ್ಮ ಮೀಟರಿನಲ್ಲಿ ಓಡದೆ ನಿಂತ ಯೂನಿಟ್ಟುಗಳು ಎಲ್ಲೂ ಮಾಯವಾಗಲಿಲ್ಲ, ಬೇರೊಂದು ಮೀಟರಿನಲ್ಲಿ ಓಡಿದವು. ಅದನ್ನು ದಿನಾ ಬೆಳಿಗ್ಗೆ ತಕ್ಕಡಿಯಲ್ಲಿ ಮಲಗಿಸಿ ಓದಿ ಹೇಳುತ್ತಾರೆ. ಎರಡು ಕೆಜಿ ಆದರೆ ಮನೆಗೆ ಕಳಿಸುತ್ತಾರೆ. ನಾವು ಎರಡು ಕೆಜಿಯಿಂದ ದೂರ ದೂರ ಹೋಗುತ್ತಿದ್ದೆವು.

ಇನ್ನು ನಿಮಗೆ ತೀರಾ ಬೇಕಾಗಿರುವ ವಿಷಯ. ನಿಮ್ಮ ಶೇಕಡ ಇಪ್ಪತ್ತು ಎಲ್ಲಿ ಅಡಗಿ ಕುಳಿತಿದೆ ಎಂದು ನನ್ನ ಗಂಡ ಚೆಲುವರಾಜು ಕಂಡುಹಿಡಿದಿದ್ದಾರೆ. ಅವರು ಕಂಪಲಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುತ್ತಲಿನ ರೈತರ ಪಂಪ್‌ಸೆಟ್‌ಗಳು ಸುಟ್ಟಾಗ ತಂತಿ ಸುತ್ತಿ ಸರಿ ಮಾಡುವುದು ಅವರ ಕಸುಬು. ಪ್ಲಾಸ್ಟರ್ ಬಿದ್ದ ಮೂರನೇ ದಿನ ನನ್ನ ಎದುರು ಕುಳಿತು ಮಾತಾಡುತ್ತಿದ್ದವರು ತಟ್ಟನೆ ಮಾತು ನಿಲ್ಲಿಸಿ ತಲೆ ವಾಲಿಸಿದರು.

“ಈ ಮೋಟ್ರು ಎಷ್ಟೊತ್ತಿಂದ ಓಡ್ತಾ ಅದೆ?”

“ಯಾವ ಮೋಟ್ರು?”

“ಹಿಂದ್ಗಡೆ. ಕೇಳುಸ್ತಾ ಇಲ್ವಾ? ನೀರೆತ್ತೋ ಮೋಟ್ರು.”

“ಓ ಅದಾ. ಅದು ಯಾವಾಗ್ಲೂ ಓಡುತ್ತೆ ರೀ.”

“ಯಾವಾಗ್ಲೂ ಅಂದ್ರೆ?”

“ಯಾವಾಗ್ಲೂ ಅಂದ್ರೆ ಯಾವಾಗ್ಲೂ. ನಾನು ಬಂದಾಗಿಂದ.”

ನಿಜ ಹೇಳುತ್ತೇನೆ, ಆ ಗುಂಯ್‌ಗುಡುವಿಕೆ ಆಸ್ಪತ್ರೆಯ ಉಸಿರು ಎಂದೇ ನಾನು ತಿಳಿದಿದ್ದೆ. ಅವರು ಎದ್ದು ಹಿತ್ತಲಿಗೆ ಹೋದರು. ಗೋಡೆಯುದ್ದಕ್ಕೂ ಹಸಿರು ಪಾಚಿ, ಮೇಲಿನ ಟ್ಯಾಂಕಿನಿಂದ ನೀರು ಸುರಿಯುತ್ತಲೇ ಇದೆ, ಕೆಳಗೆ ಸೊಂಟದೆತ್ತರದ ಹುಲ್ಲು. ಹುಲ್ಲಿನ ಮಧ್ಯೆ ಕುಡುಗೋಲು ಹಿಡಿದು ನಂಜಣ್ಣ. ಆಸ್ಪತ್ರೆಯ ಡಿ ಗ್ರೂಪ್ ನೌಕರರು, ಊರಾಚೆ ಒಂದೆಕರೆ ಜಮೀನು, ಒಂದು ಹಸು. ಒಳ್ಳೆಯ ಮನುಷ್ಯ, ಗೀಸರ್ ನಿಂತ ಮೇಲೆ ಟೀ ಅಂಗಡಿಯಿಂದ ನನಗೆ ಬಿಸಿನೀರು ತಂದುಕೊಟ್ಟವರು. ಕಿಟಕಿಯ ಪಕ್ಕ ಕೂತಿದ್ದ ನನಗೆ ಅವರಿಬ್ಬರ ಮಾತು ರಟ್ಟಿನ ಸಂದಿಯಿಂದ ಪೂರ್ತಿ ಕೇಳಿಸಿತು.

“ನಂಜಣ್ಣ, ಇದೇನಣ್ಣ, ಆಸ್ಪತ್ರೆ ಮೋಟ್ರಿಗೆ ಆಟೋ ಸ್ಟಾಟ್ರು ಹಾಕಿದ್ದೀಯ? ಇದೇನು ನಿನ್ ಗದ್ದೆನಾ?”

“ಗದ್ದೆದೇ ಕಣಪ್ಪ ಅದು! ಇಲ್ಲಿ ಸ್ಟಾಟ್ರು ಸುಟ್ಟೋಯ್ತು. ಬರ್ದು ಬರ್ದು ಕಳ್ಸುದ್ರು, ಬರ್ನಿಲ್ಲ. ಎರಿಗೆ ವಾರ್ಡ್‌ಗೆ ನೀರಿಲ್ಲ ಅಂತ ಎಂಗುಸ್ರು ಬಾಯಿ ಬಡ್ಕೊಳೋರು. ನನ್ ಬೋರು ಬತ್ತೋಗಿತ್ತಲ್ಲ, ಆಟೋ ಸುಮ್ನೆ ಬಿದ್ದಿತ್ತು, ತಂದು ಹಾಕ್ದೆ. ಒಳ್ಳೇದು ಮಾಡುದ್ರೂ ತಪ್ಪಾ?”

“ತಪ್ಪಲ್ಲ ಕಣಣ್ಣ. ಗದ್ದೆಗೆ ಕರೆಂಟು ಬರೋದು ದಿನಕ್ಕೆ ಏಳು ಗಂಟೆ. ಇಲ್ಲಿ ಇಪ್ಪತ್ನಾಲ್ಕು ಗಂಟೇನೂ ಕರೆಂಟು. ಇದು ನಿಲ್ಲೋದ್ಯಾವಾಗ?”

“ತುಂಬುದ್ರೆ ಆಚೆಗೆ ಓಯ್ತದೆ ಬುಡು. ನೀರೇನು ಕಚ್ತದಾ? ಹಸಕ್ಕೆ ಹುಲ್ಲಾಯ್ತದೆ.”

ನಿಮಗೆ ಗದ್ದೆಯ ಪರಿಚಯ ಇಲ್ಲದಿದ್ದರೆ ಹೇಳುತ್ತೇನೆ. ನಮ್ಮ ಕಡೆ ಪಂಪ್‌ಸೆಟ್ಟಿನ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು. ಅದಕ್ಕೇ ರೈತರು ಆಟೋ ಸ್ಟಾರ್ಟರ್ ಹಾಕಿಕೊಂಡಿರುತ್ತಾರೆ. ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಏಳುತ್ತದೆ, ಹೋದಾಗ ಮಲಗುತ್ತದೆ. ಅದಕ್ಕೆ ಲೈನಿನ ಕರೆಂಟೂ ಒಂದೇ, ಜನರೇಟರ್ ಕರೆಂಟೂ ಒಂದೇ. ಆಸ್ಪತ್ರೆಯ ಜನರೇಟರ್ ಕಣ್ಣು ಬಿಟ್ಟ ಕ್ಷಣವೇ ಆ ಏಳೂವರೆ ಎಚ್.ಪಿ. ಮೋಟಾರು ಎದ್ದು ನಿಲ್ಲುತ್ತದೆ. ಏಳುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು. ಜನರೇಟರ್ ಕೆಮ್ಮಿ ಬಿದ್ದದ್ದು ಅದಕ್ಕೆ. ಇದಕ್ಕೆ ಮುಂಚೆ ಬಿದ್ದಾಗ ಎಕ್ಸ್‌ರೇ ಯಂತ್ರದ ಮೇಲೆ ತಪ್ಪು ಹೊರಿಸಿದ್ದರಂತೆ, ಈ ಸಲ ಕೂಸುಗಳ ಮೇಲೆ. ಟ್ಯಾಂಕು ತುಂಬಲು ದಿನಕ್ಕೆ ಮೂರು ಗಂಟೆ ಸಾಕು. ಮಿಕ್ಕ ಹೊತ್ತೆಲ್ಲ ಮೋಟಾರು ದುಡಿಯುವುದು ಪಾಚಿಗೆ ಮತ್ತು ನಂಜಣ್ಣನ ಹಸುವಿಗೆ. ಪ್ಲಾಸ್ಟರ್ ಹಚ್ಚಿದ ಎರಡು ವಾರ್ಮರ್ ದಿನವಿಡೀ ಉರಿದರೂ ಹೆಚ್ಚೆಂದರೆ ಇಪ್ಪತ್ತೊಂಬತ್ತು ಯೂನಿಟ್ ತಿನ್ನುತ್ತವೆ. ಈ ಮೋಟಾರು ಸುಮ್ಮನೆ ಹರಿಯಬಿಡುವುದು ದಿನಕ್ಕೆ ನೂರಕ್ಕೂ ಮೇಲೆ. ಇದು ಎದೆಯ ಮೇಲೆ ಕೂಸು ಕಟ್ಟಿಕೊಂಡು ಮನಸ್ಸಿನಲ್ಲೇ ಮಾಡಿದ ಲೆಕ್ಕ, ಆದರೂ ತಪ್ಪಿಲ್ಲ.

ಈ ಸುದ್ದಿ ಕೇಳಿ ಆಸ್ಪತ್ರೆ ಕುಣಿದಾಡುತ್ತದೆ ಎಂದು ನಾವಿಬ್ಬರೂ ಭಾವಿಸಿದೆವು. ಅರ್ಧ ಗಂಟೆಯಲ್ಲಿ ಆಟೋ ಬಿಚ್ಚಿ, ಟೈಮರ್ ಇರುವ ಸ್ಟಾರ್ಟರ್ ಹಾಕಿಕೊಡುತ್ತೇನೆ, ಅಂಗಡಿಯಲ್ಲಿ ಒಂದು ಇದೆ, ಏನೂ ಕೊಡಬೇಡಿ ಎಂದು ನನ್ನ ಗಂಡ ಮುಖ್ಯ ವೈದ್ಯರ ಮುಂದೆ ನಿಂತರು. ರೌಂಡ್ಸ್ ಮುಗಿಸಿ ನನ್ನ ಕುರ್ಚಿಯ ಹತ್ತಿರವೇ ನಿಂತಿದ್ದರು ಅವರು.

“ನೀವು ಹೇಳೋದು ಸರಿ ಇರಬಹುದು ಚೆಲುವರಾಜು. ಆದರೆ ಆ ಆಟೋ ಸ್ಟಾರ್ಟರ್ ನಮ್ಮ ದಾಸ್ತಾನು ಪುಸ್ತಕದಲ್ಲೇ ಇಲ್ಲ. ಇಲ್ಲದೇ ಇರೋದನ್ನ ತೆಗೀರಿ ಅಂತ ನಾನು ಹೇಗೆ ಬರೀಲಿ?”

“ಬರಿಯೋದ್ಯಾಕೆ ಸಾರ್? ಬಿಚ್ಚುದ್ರೆ ಆಯ್ತಲ್ಲ.”

“ಬಿಚ್ಚಿ ನಾಳೆ ನೀರು ನಿಂತರೆ? ಹೊರಗಿನವರ ಕೈಲಿ ಮುಟ್ಟಿಸಿದ್ದೀರಿ ಅಂತ ಮೊದಲು ನನ್ನನ್ನ ಹಿಡೀತಾರೆ. ಇನ್ನೊಂದು ಮಾತು. ಹೋದ ವರ್ಷದ ಬಿಲ್ಲಲ್ಲೂ ಆ ಮೋಟಾರು ಇದೆ. ಈಗ ಹೊರಗೆಳೆದರೆ, ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಕೇಳಲ್ವಾ? ಮೇಲಿಂದ ಒಂದು ಸಾಲು ಬರಲಿ, ಇವತ್ತೇ ಬಿಚ್ಚಿಸ್ತೀನಿ.”

“ಅಲ್ಲೀಗಂಟ ಕೂಸು?” ಎಂದು ನಾನು ಕೇಳಿದೆ.

“ಮೈಸೂರಿಗೆ ಬೇಕಾದರೆ ಬರೆದುಕೊಡ್ತೀನಮ್ಮ. ಈ ಚಳೀಲಿ ಅಷ್ಟು ದೂರ ಆಂಬುಲೆನ್ಸಲ್ಲಿ ಕರ್ಕೊಂಡು ಹೋಗ್ಬೇಕು, ಅಲ್ಲಿ ಜಾಗ ಸಿಗೋದು ನನ್ನ ಕೈಲಿಲ್ಲ. ಯೋಚನೆ ಮಾಡಿ.”

ಅವರು ಕೆಟ್ಟವರಲ್ಲ. ನಂಜಣ್ಣನೂ ಅಲ್ಲ. ಸಿಸ್ಟರ್ ಅಂತೂ ಅಲ್ಲವೇ ಅಲ್ಲ. ಇಷ್ಟು ಜನ ಒಳ್ಳೆಯವರು ಸೇರಿ ಒಂದು ಸ್ವಿಚ್ಚು ಹಾಕಲಾಗದ ಹಾಗೆ ಮಾಡುವುದಕ್ಕೆ ಬಹಳ ಕೌಶಲ ಬೇಕು, ಅಧಿಕಾರಿಗಳೇ. ಆ ಕೌಶಲ ನಿಮ್ಮ ಮೊದಲ ಪ್ಯಾರಾದಲ್ಲಿದೆ. ಇಲ್ಲಿದ್ದರೆ ಮಗಳು ಸೊರಗುತ್ತಾಳೆ. ಕರೆದುಕೊಂಡು ಹೊರಟರೆ ದಾರಿಯಲ್ಲಿ ಏನೋ, ಅಲ್ಲಿ ಏನೋ. ಮನೆಗೆ ಹೋಗಲು ಎರಡು ಕೆಜಿ ಬೇಕು, ಎರಡು ಕೆಜಿ ಆಗಲು ಶಾಖ ಬೇಕು, ಶಾಖಕ್ಕೆ ನಿಮ್ಮ ಒಂದು ಸಾಲು ಬೇಕು. ನಿಮ್ಮ ಕಚೇರಿಗೆ ನನ್ನ ಗಂಡ ಎರಡು ಸಲ ಬಂದಿದ್ದರು. ಸಾಹೇಬರು ಫಲಕ ಪ್ರದಾನದ ತಯಾರಿಯಲ್ಲಿದ್ದಾರೆ ಎಂದು ಹೇಳಿ ಕಳಿಸಿದರು.

ಇನ್ನು ಮುಂದಿನದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಈ ಪತ್ರ ನಿಮ್ಮ ಸುತ್ತೋಲೆಯಂತೆಯೇ ಆಗುತ್ತದೆ. ಹದಿನೆಂಟನೇ ದಿನ ಬೆಳಿಗ್ಗೆ ಮಗಳ ತೂಕ ಏಳುನೂರ ಎಂಬತ್ತಕ್ಕೆ ಇಳಿದಿತ್ತೆಂದು ಆಗಲೇ ಹೇಳಿದೆ. ಅವತ್ತು ಮಧ್ಯಾಹ್ನ ವಾರ್ಮರಿನಲ್ಲಿ ಅವಳ ಮೂರು ಗಂಟೆ ಮುಗಿದು, ಮಂಗಳಾ ಮಗನನ್ನು ಎದೆಯಿಂದ ಬಿಚ್ಚಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಿಸ್ಟರ್ ನನ್ನ ಮಗಳನ್ನು ಎತ್ತಿಕೊಳ್ಳಲು ಕರೆದರು. ನಾನು ಅವಳ ಬೆರಳು ಮುಟ್ಟಿ ನೋಡಿದೆ. ಆಗಷ್ಟೇ ಬೆಚ್ಚಗಾಗಿದ್ದವು. ನನಗೆ ಏನಾಯಿತೋ. ಮಗಳನ್ನು ತೆಗೆಯಕೂಡದು, ತೆಗೆದರೆ ಲಿಖಿತ ದೂರು ಕೊಡುತ್ತೇನೆ, ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡಿದೆ. ಕಾಲೇಜು ಬಿಟ್ಟ ಮೇಲೆ ಅಷ್ಟು ಇಂಗ್ಲಿಷ್ ನನ್ನ ಬಾಯಲ್ಲಿ ಬಂದಿರ‍ಲಿಲ್ಲ. ಸಿಸ್ಟರ್ ಕೈ ಹಿಂದೆ ತೆಗೆದುಕೊಂಡರು. “ಇನ್ನೊಂದು ಗಂಟೆ ಇರಲಿ ಬಿಡಿ” ಎಂದರು. ಒಂದು ಗಂಟೆ ಎರಡಾಯಿತು. ಮಂಗಳಾ ಹೋಗಿ ಕೂತು ಮಗನನ್ನು ಮತ್ತೆ ಕಟ್ಟಿಕೊಂಡಳು. ಬೊಮ್ಮಮ್ಮ ಮಾತ್ರ ನನ್ನ ಹತ್ತಿರ ಬಂದು, ಬೈಯುವ ದನಿಯಲ್ಲಲ್ಲ, ಯಾವುದೋ ಹಳೆಯ ವಿಷಯ ನೆನಪಿಸುವ ಹಾಗೆ ಹೇಳಿದರು:

“ನಿಂಗೆ ಇಂಗ್ಲೀಸು ಬತ್ತದೆ ಕಣವ್ವ. ನಮ್ ಕೂಸಿಗೆ ಅದೂ ಇಲ್ಲ.”

ಮರುದಿನ ಬೆಳಿಗ್ಗೆ ನನ್ನ ಮಗಳು ಹತ್ತು ಗ್ರಾಂ ಹೆಚ್ಚಿದ್ದಳು. ಮಂಗಳಾಳ ಮಗ ಮೂವತ್ತು ಗ್ರಾಂ ಇಳಿದಿದ್ದ.

ಅದರ ಮಾರನೆಯ ದಿನ ಬೊಮ್ಮಮ್ಮ ಬಟ್ಟೆಗಂಟು ಕಟ್ಟಿದರು. ಸಿಸ್ಟರ್ ದಮ್ಮಯ್ಯಗುಡ್ಡೆ ಹಾಕಿದರು. ಹಾಡಿಯ ಗುಡಿಸಲಿನಲ್ಲಿ ಹೊಗೆ, ಇಷ್ಟು ಸಣ್ಣ ಕೂಸಿಗೆ ಉಸಿರು ಕಟ್ಟುತ್ತದೆ, ಇನ್ನು ಹದಿನೈದು ದಿನ ಇರಿ ಎಂದರು. ಬೊಮ್ಮಮ್ಮ ಕೇಳಿಸಿಕೊಂಡು, “ಇಲ್ಲಿ ಮೂರು ಗಂಟೆ ಬೆಚ್ಚಗೆ, ಮೂರು ಗಂಟೆ ತಣ್ಣಗೆ. ನಮ್ ಗುಡ್ಲಲ್ಲಿ ಬೆಂಕಿ ಆರಾಕಿಲ್ಲ ಕಣವ್ವ. ಯಾರ್ನೂ ಕೇಳೋ ಹಂಗೂ ಇಲ್ಲ” ಎಂದರು. ಈ ಮಾತಿಗೆ ನಿಮ್ಮ ಸುತ್ತೋಲೆಯಲ್ಲಿ ಉತ್ತರ ಇದೆಯೇ? ‘ವೈದ್ಯರ ಸಲಹೆಗೆ ವಿರುದ್ಧವಾಗಿ ಸ್ವಇಚ್ಛೆಯಿಂದ’ ಎಂದು ಅಚ್ಚು ಹಾಕಿದ ಕಾಗದದ ಮೇಲೆ ಮಂಗಳಾ ಹೆಬ್ಬೆಟ್ಟು ಒತ್ತಿದಳು. ಹೋಗುವಾಗ ನನ್ನ ಹತ್ತಿರ ನಿಂತು, “ನಿಮ್ ಕೂಸು ಎಷ್ಟಾಯ್ತಕ್ಕ ಇವತ್ತು?” ಎಂದು ಕೇಳಿದಳು. ಅವತ್ತು ಇನ್ನೂ ಇಪ್ಪತ್ತು ಗ್ರಾಂ ಏರಿತ್ತು. “ಅಷ್ಟೇ ಇದೆ” ಎಂದು ಸುಳ್ಳು ಹೇಳಿದೆ. ಹೋಗಬೇಡ, ನನ್ನ ಮಗಳ ಸರದಿಯನ್ನೂ ನಿನ್ನ ಮಗನಿಗೆ ಕೊಡುತ್ತೇನೆ ಎಂದು ಹೇಳಬಹುದಿತ್ತು. ಬಾಯಿ ತೆರೆಯಲಿಲ್ಲ. ತೆರೆಯಲಿಲ್ಲ ಎಂದರೆ, ನಾನು ತೆರೆಯಲಿಲ್ಲ.

ಈಗ ಎರಡು ವಾರ್ಮರ್, ಎರಡು ಕೂಸು. ಸರದಿ ನಿಂತಿದೆ. ಮಗಳು ದಿನಕ್ಕೆ ಇಪ್ಪತ್ತು ಗ್ರಾಂ ಏರುತ್ತಿದ್ದಾಳೆ, ಇವತ್ತು ಬೆಳಿಗ್ಗೆ ಹುಟ್ಟಿದ ದಿನದ ತೂಕಕ್ಕೆ ವಾಪಸ್ ಬಂದಳು: ಒಂದು ಕೆಜಿ ಎಂಟುನೂರ ಐವತ್ತು. ಎರಡು ವಾರ್ಮರ್‌ನಲ್ಲೇ ಘಟಕ ಸುಗಮವಾಗಿ ನಡೆಯುತ್ತಿದೆ ಎಂದು ನಿಮಗೆ ವರದಿ ಬರುತ್ತದೆ, ಬಂದಿರಲೂಬಹುದು. ಅದರಲ್ಲಿ ಸುಳ್ಳೇನೂ ಇಲ್ಲ. ಹೊರೆ ಕಡಿಮೆಯಾಗಿದೆ. ಒಂದು ಕೆಜಿ ಏಳುನೂರ ಚಿಲ್ಲರೆ ತೂಕದ ಹೊರೆ ಗಂಟಿನ ಜೊತೆ ಬಸ್ಸು ಹತ್ತಿ ಹೋಯಿತು. ಫಲಕ ನಮ್ಮ ಆಸ್ಪತ್ರೆಗೇ ಬರಲಿದೆಯಂತೆ.

ಆದ್ದರಿಂದ ನನ್ನ ಬೇಡಿಕೆ. ಇನ್ನೊಂದು ಸುತ್ತೋಲೆ ಬೇಡ, ಸಮಿತಿ ಬೇಡ. ಮುಖ್ಯ ವೈದ್ಯರು ಕೇಳಿದ ಆ ಒಂದು ಸಾಲನ್ನು ಈ ಪತ್ರ ಓದಿದ ದಿನವೇ ಬರೆದು ಕಳಿಸಿ: ನೀರಿನ ಮೋಟಾರಿನ ಆಟೋ ಸ್ಟಾರ್ಟರ್ ಬಿಚ್ಚಿ ಟೈಮರ್ ಹಾಕಿಸಿ, ಎರಡೂ ವಾರ್ಮರ್‌ಗಳ ಪ್ಲಾಸ್ಟರ್ ಕೀಳಿಸಿ. ನಂಜಣ್ಣನನ್ನು ಶಿಕ್ಷಿಸಬೇಡಿ, ನೀವು ಕಳಿಸದ ಸ್ಟಾರ್ಟರಿನ ಜಾಗದಲ್ಲಿ ಅವರು ತಮ್ಮದನ್ನು ತಂದು ಹಾಕಿದರು. ಉಳಿದ ಆಸ್ಪತ್ರೆಗಳ ಹಿತ್ತಲಿಗೂ ಯಾರನ್ನಾದರೂ ಕಳಿಸಿ, ಫೈಲು ನೋಡುವವರನ್ನಲ್ಲ, ಮೋಟಾರಿನ ಸದ್ದು ಕೇಳಬಲ್ಲವರನ್ನು. ಮತ್ತು ಮೊಟ್ಟಮೊದಲು, ಒಂದು ಜೀಪಿನಲ್ಲಿ ಒಬ್ಬ ಸಿಸ್ಟರನ್ನು ಆ ಹಾಡಿಗೆ ಕಳಿಸಿ ಮಂಗಳಾಳ ಮಗನನ್ನು ಕರೆಸಿ.

ಅವನು ಗೇಟಿನೊಳಗೆ ಬರುವಷ್ಟರಲ್ಲಿ ಮೂರನೇ ವಾರ್ಮರ್ ಬಿಸಿಯಾಗಿರಬೇಕು. ಇದನ್ನು ಅವನಿಗಾಗಿ ಮಾತ್ರ ಕೇಳುತ್ತಿಲ್ಲ. ಇಲ್ಲದಿದ್ದರೆ ಅವನು ಬಂದ ದಿನದಿಂದಲೇ ಮತ್ತೆ ಮೂರು ಮೂರು ಗಂಟೆಯ ಸರದಿ ಶುರುವಾಗುತ್ತದೆ. ಆಗ ಸಿಸ್ಟರ್ ಕರೆದ ಹೊತ್ತಿಗೆ ನಾನು ಎದ್ದು ಹೋಗಿ ನನ್ನ ಮಗಳನ್ನು ಎತ್ತಿಕೊಂಡು ಅವನಿಗೆ ಜಾಗ ಬಿಡುತ್ತೇನೆ ಎಂದು ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಇಂತಿ,
ಮಗಳು ಎರಡು ಕೆಜಿ ಆಗುವ ತನಕ ಆಸ್ಪತ್ರೆಯ ಹೆಸರನ್ನೂ ತನ್ನ ಹೆಸರನ್ನೂ ಬರೆಯುವ ಧೈರ್ಯವಿಲ್ಲದ,
ಒಬ್ಬ ಬಾಣಂತಿ, ಬಿ.ಎಸ್ಸಿ.